ವಿಮಾನ ಮಡ್ಡಿಯ ಮೂಲೆಗಲ್ಲು

ನಾನು ಹುಕ್ಕೇರಿ ತಾಲೂಕಿನಲ್ಲಿ ಭೂಮಾಪನ ಪರ್ಯವೇಕ್ಷಕನಾಗಿದ್ದಾಗಿನ ಮಾತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದಕ್ಕೂ ಮೊದಲು ಗೋಕಾಕದಲ್ಲಿ, ನನ್ನೂರು ಮೂಡಲಗಿಯಲ್ಲಿ ಹೊಲ ಅಳೆದು ಅಳೆದು ತಲೆ ಬೆಳ್ಳಗಾಗಿತ್ತು. ಬದು ಒತ್ತಿದ ಅಣ್ಣತಮ್ಮಂದಿರ ಜಗಳ ಬಿಡಿಸುವುದೇ ನಮ್ಮ ಹಣೆಬರಹ. ಹೀಗಿರುವಾಗ ವಿಮಾನ ಇಳಿಯುವ ಜಾಗ ಅಳೆದು ಕೊಡಿ ಎಂಬ ಆದೇಶ ಬಂದಾಗ ನನಗೇ ನಗು ಬಂತು.

ಹತ್ತರಗಿಯ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ಸಣ್ಣ ಊರು. ಅದರ ಹಳ್ಳದಾಚೆಗಿನ ಬಯಲನ್ನು ಜನ ಇಂದಿಗೂ ವಿಮಾನ ಮಡ್ಡಿ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ದಾರಿಯಲ್ಲಿ ಕೆಟ್ಟ ವಿಮಾನಗಳು ಇಳಿಯಲೆಂದು ಮಿಲಿಟರಿಯವರು ಅಲ್ಲಿ ಹೊಲಗಳನ್ನು ವಶಕ್ಕೆ ಪಡೆದು, ಮೊರಂ ಎಂಬ ಗರಸು ಮಣ್ಣು ಹಾಕಿ, ರೋಲರ್ ಓಡಿಸಿ ಉದ್ದನೆಯ ರನ್‌ವೇ ಪಟ್ಟಿ ಮಾಡಿದ್ದರಂತೆ. ಯುದ್ಧ ಮುಗಿಯಿತು, ಡೇರೆ ಕಿತ್ತರು. ಎಷ್ಟು ವಿಮಾನ ಇಳಿದವು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಜಾಗ ಮಾತ್ರ ಕಾಗದದಲ್ಲಿ ಮಿಲಿಟರಿಯದಾಗಿಯೇ ಉಳಿದಿತ್ತು. ಈಗ ಅದಕ್ಕೆ ಬೇಲಿ ಹಾಕಬೇಕಾಗಿತ್ತು.

ತಕರಾರು ಇದ್ದದ್ದು ಒಂದು ಮನೆಯ ಬಗ್ಗೆ. ಹಳ್ಳದ ಈಚೆ ದಂಡೆಯಲ್ಲಿ ದಾವಲಬಿ ಎಂಬ ಮುದುಕಿ, ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ ಮಗ ರಾಜೇಸಾಬ, ಸೊಸೆ, ಮೊಮ್ಮಕ್ಕಳು ವಾಸವಾಗಿದ್ದರು. ಅವರ ಅಂಗಳದಲ್ಲಿ ಸೊಂಟದೆತ್ತರದ ಒಂದು ಕೆತ್ತಿದ ಕಲ್ಲು ನೆಟ್ಟಿತ್ತು. ಅದರ ಮೇಲೆ ಬಾಣದ ಗುರುತು ಇತ್ತು. ಬಾಣದ ಗುರುತೆಂದರೆ ಬ್ರಿಟಿಷ್ ಕಾಲದ ಸರಕಾರಿ ಆಸ್ತಿ. ಹಿಂದೆ ಯಾರೋ ಅಳತೆಗೆ ಬಂದವರು ಅದನ್ನೇ ಮೂಲೆಗಲ್ಲೆಂದು ಹಿಡಿದು ನಕ್ಷೆ ಎಳೆದಿದ್ದರು. ಆ ನಕ್ಷೆಯ ಪ್ರಕಾರ ಇಡೀ ಮನೆ ಮಿಲಿಟರಿ ಜಾಗದೊಳಗೆ ಬರುತ್ತಿತ್ತು. ನಾನು ಅದನ್ನು ಖಾತ್ರಿಪಡಿಸಿದರೆ ಮನೆ ನೆಲಸಮ.

ನಾನು ಹೋದ ದಿನ ರಾಜೇಸಾಬ ಕೈಮುಗಿದು ನಿಂತಿದ್ದ. ಈ ಕಲ್ಲು ಎಲ್ಲಿಂದ ಬಂತು ಎಂದೆ. ಹುಟ್ಟಿದಾಗಿನಿಂದ ಇಲ್ಲೇ ನೋಡಿದ್ದೇನೆ ಎಂದ. ತಾಯಿಯನ್ನು ಕೇಳಿದೆ.

"ಅದು ಮೊದಲಿಂದ ಅಲ್ಲೇ ಐತ್ರಿ ಸಾಹೇಬ್ರ," ಎಂದು ದಾವಲಬಿ ಆಯಿ ಒಳಗೆ ಹೋಗಿಬಿಟ್ಟರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮನೆ ಉಳಿಸಲು ಬಂದವನಿಗೇ ಈ ಬಿಗುಮಾನವೇ ಅನಿಸಿತು. ಆದರೆ ಕಲ್ಲೊಂದನ್ನೇ ನಂಬಿ ಅಳತೆ ಮುಗಿಸುವ ಚಾಳಿ ನನಗಿಲ್ಲ. ಮೂರು ಊರುಗಳ ಗಡಿ ಕೂಡುವಲ್ಲಿ ಒಂದು ಕಲ್ಲಿರುತ್ತದೆ. ಅದನ್ನು ಯಾವ ಊರಿನವರೂ ಅಲುಗಿಸಲು ಇನ್ನೆರಡು ಊರಿನವರು ಬಿಡುವುದಿಲ್ಲ. ಅಲ್ಲಿಂದ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಹಚ್ಚಿ ಅಳೆಯುತ್ತ ಬಂದರೆ ಮಿಲಿಟರಿ ಜಾಗದ ಮೂಲೆ ಬಿದ್ದದ್ದು ಹಳ್ಳದ ಆಚೆ, ಮಡ್ಡಿಯ ಮೇಲೆ. ಮಳೆಗಾಲ ಮುಗಿದ ಹೊತ್ತು ಅದು. ಮಡ್ಡಿಯ ಎರಡೂ ಬದಿಗೆ ಮೊಳಕಾಲುದ್ದ ಹುಲ್ಲು ಬೆಳೆದಿತ್ತು. ನಡುವೆ ನೇರವಾದ ಅಗಲ ಪಟ್ಟಿಯಲ್ಲಿ ಮಾತ್ರ ಬೆರಳುದ್ದ ಇತ್ತು. ರೋಲರ್ ತುಳಿದ ಮೊರಂನೊಳಗೆ ಬೇರು ಇಳಿದಿರಲಿಲ್ಲ. ವಿಮಾನದ ಪಟ್ಟಿ ಕಣ್ಣಿಗೇ ಕಾಣುತ್ತಿತ್ತು, ಅದು ನನ್ನ ಅಳತೆಗೂ ಸರಿಹೊಂದುತ್ತಿತ್ತು.

ಹಾಗಾದರೆ ಕಲ್ಲು ಹಳ್ಳ ದಾಟಿ ನಡೆದುಕೊಂಡು ಬಂತೇ? ಇದಕ್ಕೆ ಉತ್ತರ ಕೊಡದೆ ನನ್ನ ವರದಿ ನಿಲ್ಲುವಂತಿರಲಿಲ್ಲ. ಹಳೆಯ ಸರ್ವೆಯವರು ಗಡಿಕಲ್ಲು ನೆಡುವಾಗ ಅದರಡಿ ಇದ್ದಿಲು ಹಾಕುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಕಲ್ಲು ಹೋದರೂ ಗುರುತು ಉಳಿಯುತ್ತದೆ. ಅಂಗಳದ ಕಲ್ಲಿನ ಬುಡ ಅಗೆದು ನೋಡುತ್ತೇನೆ ಎಂದು ಮರುದಿನ ಹೋದೆ. ಆಯಿ ಬಂದು ಕಲ್ಲಿಗೆ ಅಡ್ಡ ನಿಂತರು.

"ಆಯಿ, ಕಲ್ಲು ಮೊದಲಿಂದ ಇಲ್ಲೇ ಇದ್ದದ್ದು ಖರೆ ಆದ್ರ ನಿಮ್ಮ ಮನಿ ಹೋಗತೈತಿ. ನನಗ ಏನೂ ಮಾಡಾಕ ಬರೂದಿಲ್ಲ," ಎಂದೆ.

ಅವರು ಮಗನನ್ನು ಚಹಾದ ನೆವ ಹೇಳಿ ಒಳಗೆ ಕಳಿಸಿದರು. ಆಮೇಲೆ ತಲೆಯ ಸೆರಗು ಸರಿಮಾಡಿಕೊಂಡು ಹೇಳಿದರು:

"ಆ ಮಡ್ಡಿ ಮ್ಯಾಲ ಮೂಲ್ಯಾಗಿನ ಹೊಲ ನಮ್ಮ ಮಾವಂದ್ರಿ. ಹೊಲ ಅವರು ತಗೊಂಡ್ರು, ಕಲ್ಲರೆ ನಮಗ ಇರಲಿ ಅಂತ ಚಕ್ಕಡ್ಯಾಗ ಹೇರ್ಕೊಂಡ ಬಂದಾರ. ಸತ್ತ ಮನಷ್ಯಾಗ ಕಳ್ಳ ಅಂತ ಹೆಸರ ಹಚ್ಚಬ್ಯಾಡ್ರಿ."

ಉಳಿದದ್ದನ್ನು ಸಾವಕಾಶವಾಗಿ ಹೇಳಿದರು. ಮಾವ ಅದೇ ಪಟ್ಟಿಯ ಕೆಲಸಕ್ಕೆ ಕೂಲಿಯಾಗಿ ಹೋಗಿದ್ದರಂತೆ. ತಾವು ಹತ್ತಿ ಬಿತ್ತುತ್ತಿದ್ದ ನೆಲಕ್ಕೆ ತಾವೇ ಬುಟ್ಟಿಯಲ್ಲಿ ಮೊರಂ ಹೊತ್ತು ಹಾಕಿದ್ದರಂತೆ. ಡೇರೆ ಕಿತ್ತ ಮೇಲೆ ಹೊಲ ಮರಳಿ ಬರುತ್ತದೆಂದು ಕಾದರು. ಬರಲಿಲ್ಲ. ಗಡಿಕಲ್ಲು ಕಿತ್ತರೆ ಜೈಲು ಎಂದು ಗೊತ್ತಿದ್ದರಿಂದ, ಯಾರ ಮುಂದೆಯೂ ಬಾಯಿಬಿಡಬೇಡ ಎಂದು ಸೊಸೆಯಿಂದ ಮಾತು ತೆಗೆದುಕೊಂಡಿದ್ದರು. ಆಯಿ ಆ ಮಾತನ್ನು ಮಗನ ಮುಂದೆಯೂ ಮುರಿದಿರಲಿಲ್ಲ.

ಅಂಗಳದ ಕಲ್ಲಿನಡಿ ಬರೀ ಮಣ್ಣಿತ್ತು. ಮಡ್ಡಿಯ ಮೇಲೆ ನನ್ನ ಅಳತೆ ತೋರಿಸಿದ ಮೂಲೆಯಲ್ಲಿ ಅಗೆಸಿದಾಗ ಒಂದು ಹಿಡಿ ಇದ್ದಿಲು, ಕಲ್ಲಿನ ಚಕ್ಕೆ ಸಿಕ್ಕವು. ಆಯಿಯನ್ನು ಒಪ್ಪಿಸಿ, ಕಳವು ಎಂಬ ಪದ ಬಾರದಂತೆ, ಪಂಚರ ಮುಂದೆ ಅವರ ಹೇಳಿಕೆ ಬರೆದುಕೊಂಡೆ. ಮನೆ ಮಿಲಿಟರಿ ಜಾಗದಲ್ಲಿಲ್ಲ ಎಂದು ವರದಿ ಹೋಯಿತು. ಮೇಲಿನವರು ಅದನ್ನು ಒಪ್ಪಿದರು. ತೀರಿಹೋದವರ ಮೇಲೆ ಯಾರೂ ಕೇಸು ಮಾಡಲಿಲ್ಲ.

ಕಲ್ಲನ್ನು ಮೂಲ ಜಾಗದಲ್ಲಿ ನೆಡುವ ದಿನ ಆಯಿಯೂ ಟ್ರ್ಯಾಕ್ಟರಿನಲ್ಲಿ ಕುಳಿತು ಬಂದರು. ಮದುವೆಯಾಗಿ ಬಂದಾಗಿನಿಂದ ಅವರು ಆ ಮಡ್ಡಿಗೆ ಕಾಲಿಟ್ಟಿರಲಿಲ್ಲ. ನಮ್ಮದು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದರು. ಯುದ್ಧಕ್ಕಿಂತ ಮೊದಲಿನ ನಕ್ಷೆ ಹಿಡಿದು ಕೈ ತೋರಿಸಿದೆ. ಆ ತುದಿಯವರೆಗೆ ಒಬ್ಬರೇ ನಡೆದುಹೋಗಿ ತಿರುಗಿ ಬಂದರು. ಹೊಲ ಮರಳಿ ಬೇಕೆಂದು ಕೇಳುತ್ತಾರೇನೋ ಎಂದು ನನಗೆ ಒಳಗೊಳಗೇ ಅಳುಕು. ಕೊಡಿಸುವುದು ನನ್ನ ಕೈಯಲ್ಲಿರಲಿಲ್ಲ. ಅವರು ಕೇಳಿದ್ದು ಬೇರೆ.

"ಕಲ್ಲ ಒಯ್ದದ್ದು ಬರದೀರಿ. ಹೊಲ ನಮ್ಮ ಮಾವಂದಿತ್ತು ಅನ್ನೂದು ಬರದೀರೇನ್ರಿ?"

ಬರೆದಿರಲಿಲ್ಲ. ನನ್ನ ಕೆಲಸಕ್ಕೆ ಅದು ಬೇಕಾಗಿರಲಿಲ್ಲ. ಕಲ್ಲು ನೆಟ್ಟ ಬಗ್ಗೆ ಅಂದೇ ಬರೆಯಬೇಕಿದ್ದ ಪಂಚನಾಮೆಯನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲಿಟ್ಟುಕೊಂಡು, ಈ ಕಲ್ಲು ನಿಂತ ನೆಲ ಯುದ್ಧಕ್ಕಿಂತ ಮೊದಲು ಯಾರ ಸಾಗುವಳಿಯಲ್ಲಿತ್ತು ಎಂಬುದನ್ನೇ ಮೊದಲ ಸಾಲಾಗಿ ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿದರು.

ಗಡಿ ಎಲ್ಲಿದೆ ಎಂದು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅದರೊಳಗಿನ ನೆಲ ಯಾರಿಂದ ಬಂತು ಎಂಬುದನ್ನೂ ಕೇಳಿ ಬರೆಯಬೇಕೆಂದು ದಾವಲಬಿ ಆಯಿ ಕಲಿಸಿದರು. ಉಳಿದ ಎರಡು ವರ್ಷ ಹಾಗೆಯೇ ಬರೆದೆ.