ಕಲ್ಲು ಓದುವ ಹೊತ್ತು, ಊಟದ ಹೊತ್ತು

ಬಿಸಿಲಿನಲ್ಲಿ ಕೂತು ರಾತ್ರಿಯ ಊಟ ಮಾಡಿದ್ದು ನನ್ನ ನಲವತ್ತಾರು ವರ್ಷಗಳ ಬಾಳಿನಲ್ಲಿ ಅದೇ ಮೊದಲು. ಹಳೇಬೀಡಿನಲ್ಲಿ ಬಾಡಿಗೆಯ ಕೋಣೆಗೆ ಬಂದ ದಿನ ಟ್ರಂಕು ಇನ್ನೂ ಹಜಾರದಲ್ಲೇ ಇತ್ತು. ಮುಖ ತೊಳೆದು ತಲೆ ಬಾಚಿಕೊಳ್ಳುತ್ತಿದ್ದೆ. ಮನೆಯೊಡತಿ ಪದ್ಮಾವತಮ್ಮನವರು ಬಂದು, "ಏಳಿ ಅಮ್ಮ, ರಾತ್ರಿ ಊಟಕ್ಕೆ ಎಲೆ ಹಾಕಿದೀನಿ" ಎಂದರು. ಕಿಟಕಿಯಿಂದ ನೋಡಿದರೆ ತೆಂಗಿನ ಗರಿಗಳ ಮೇಲೆ ಬಿಸಿಲು ಹೊಳೆಯುತ್ತಿದೆ, ಮೇಯಲು ಹೋದ ದನಗಳು ಇನ್ನೂ ಮನೆಗೆ ತಿರುಗಿಲ್ಲ. ನಮ್ಮ ಗದಗಿನಲ್ಲಿ ಆ ಹೊತ್ತಿಗೆ ಸಂಜೆಯ ಚಹಾಕ್ಕೆ ನೀರಿಟ್ಟಿರುತ್ತಾರೆ.

"ಇಷ್ಟು ಲಗೂನ ಹಸಿವಿಲ್ರೀ ಅವ್ವಾರ, ಆಮ್ಯಾಲ ಉಣ್ತೀನಿ" ಎಂದೆ.

"ಆಮೇಲೆ ಅನ್ನೋದು ನಮ್ಮನೇಲಿಲ್ಲ ಕಣಮ್ಮ. ಹೊತ್ತು ಮುಳುಗಿದ್ ಮೇಲೆ ಒಲೆ ಮುಟ್ಟಲ್ಲ, ಬಾಯಿಗೆ ತೊಟ್ಟು ನೀರೂ ಹಾಕಲ್ಲ."

ಅವರು ಜೈನರು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಹುಳಹುಪ್ಪಟೆ ಅನ್ನಕ್ಕೆ ಬಿದ್ದು ಸಾಯುತ್ತದೆ, ಅದಕ್ಕೇ ಈ ಕಟ್ಟಳೆ. ಪುಸ್ತಕದಲ್ಲಿ ಇದನ್ನೆಲ್ಲ ಓದಿ ಹುಡುಗಿಯರಿಗೆ ಪಾಠವನ್ನೂ ಹೇಳಿದ್ದೆ. ಆದರೆ ನನ್ನ ಹೊಟ್ಟೆಗೆ ಆ ಪಾಠ ಆಗಿರಲಿಲ್ಲ. ಹೇಳಿದ ಹಾಗೆ ಕೂತು ಉಂಡೆ. ಎಂಟು ಗಂಟೆಗೆ ಮತ್ತೆ ಹಸಿವಾಯಿತು.

ನಾನು ಅಲ್ಲಿಗೆ ಹೋದದ್ದು ಡಾಕ್ಟರೇಟಿಗಾಗಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಲೇ ಎಂ.ಎ. ಪಾಸು ಮಾಡಿ, ಮಗಳ ಮದುವೆಯನ್ನೂ ಮುಗಿಸಿ, ಧಾರವಾಡಕ್ಕೆ ಹೋಗಿ ಹೆಸರು ಹಚ್ಚಿದೆ. "ಅರವತ್ತಕ್ಕ ಅರಳು ಮರಳು ಅಂತಾರ, ನಿನಗ ಹದಿನಾಲ್ಕು ವರ್ಷ ಮೊದಲ ಬಂತಲ್ಲ!" ಎಂದು ನನ್ನ ನಾದಿನಿ ನಕ್ಕಳು. ನಮ್ಮ ಮನೆಯವರು ಅರಳೆ ಪೇಟೆಯಲ್ಲಿ ಲೆಕ್ಕ ಬರೆಯುವವರು, ಮಾತು ಕಡಿಮೆ. "ಹೋಗಿ ಬಾ, ಅನ್ನ ಮಾಡಿಕೊಳ್ಳೂದು ನಾ ಕಲೀತೀನಿ" ಎಂದಷ್ಟೇ ಹೇಳಿದರು. ಅವರ ಆ ಒಂದು ಮಾತಿನ ಬಲದ ಮೇಲೆ ನಾನು ರೈಲು ಹತ್ತಿದೆ.

ನನ್ನ ವಾದ ಇಷ್ಟು. ಹೊಯ್ಸಳರ ಕಾಲದಲ್ಲಿ ನಮ್ಮ ಬೆಳ್ವೊಲ ನಾಡಿನಿಂದ, ಅಂದರೆ ಗದಗು ಅಣ್ಣಿಗೇರಿಯ ಸುತ್ತಿನ ಕರಿನೆಲದ ಸೀಮೆಯಿಂದ, ಹೆಣ್ಣುಮಕ್ಕಳು ಧರ್ಮ ಕಲಿಯಲು ದೋರಸಮುದ್ರದ ತನಕ ಹೋಗಿ ನೆಲೆಸುತ್ತಿದ್ದರು. ದೋರಸಮುದ್ರ ಎಂದರೆ ಈಗಿನ ಹಳೇಬೀಡು. ಧಾರವಾಡದ ನನ್ನ ಮಾರ್ಗದರ್ಶಕರು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಬಹಳ ಮರ್ಯಾದಸ್ಥರು, ಅಷ್ಟೇ ನಿಷ್ಠುರರು. "ಬಾಯಾರ, ವಾದ ಛಲೋ ಅದ. ಆದ್ರ ಊಹಾಕ್ಕ ಯಾರೂ ಡಾಕ್ಟರೇಟ್ ಕೊಡೂದಿಲ್ಲ. ಒಂದರ ಕಲ್ಲು ತೋರಸ್ರಿ" ಎಂದರು. ಹಾಗೆ ತೋರಿಸಬಹುದಾದ ಕಲ್ಲು ಇದ್ದದ್ದು ಒಂದೇ. ಅದು ಹಳೇಬೀಡಿನ ಹೊರಗೆ, ಮಾದಿಹಳ್ಳಿ ದಾರಿಯಲ್ಲಿ, ಒಂದು ಚಿಕ್ಕ ಬಸದಿಯ ಹಿಂದೆ ನಿಂತಿರುವ ನಿಸಿದಿ. ವ್ರತ ಹಿಡಿದು, ಅನ್ನ ನೀರು ಬಿಟ್ಟು ದೇಹ ತ್ಯಜಿಸಿದವರ ನೆನಪಿಗೆ ನಿಲ್ಲಿಸುವ ಕಲ್ಲಿಗೆ ನಿಸಿದಿ ಎನ್ನುತ್ತಾರೆ. ಅದರಲ್ಲಿ ಒಬ್ಬ ಹೆಂಗಸಿನ ಹೆಸರಿದೆ. ಆಕೆ ಎಲ್ಲಿಂದ ಬಂದವಳು ಎಂದು ಹೇಳುವ ಎರಡು ಸಾಲುಗಳು ಮಾತ್ರ ಸವೆದುಹೋಗಿವೆ. ಅಚ್ಚಾದ ಪಾಠದಲ್ಲಿ ಆ ಜಾಗದಲ್ಲಿ ಬರೀ ಚುಕ್ಕೆಗಳು.

ಸಂಕ್ರಾಂತಿ ಮುಗಿಸಿ ಅರಸೀಕೆರೆಯಲ್ಲಿ ಇಳಿದೆ. ನಮ್ಮಲ್ಲಿ ಸ್ಟೇಷನ್ನಿನ ಹೊರಗೆ ಅರಳೆಯ ಬೇಲು ಕಂಡರೆ ಅಲ್ಲಿ ಕೊಬ್ಬರಿಯ ಮೂಟೆ. ಗಾಳಿಗೇ ಎಣ್ಣೆಯ ವಾಸನೆ. ಬಸ್ಸಿನಲ್ಲಿ ನನ್ನ ಮಾತು ಕೇಳಿ ಹಿಂದಿನ ಸೀಟಿನವನೊಬ್ಬ ಪಕ್ಕದವನಿಗೆ, "ಏನ್ಲಾ, ಇದ್ಯಾವ ಸೀಮೆ ಕನ್ನಡ್ಲಾ?" ಎಂದದ್ದು ಕಿವಿಗೆ ಬಿತ್ತು. ಎರಡು ಸೀಮೆಗಳು ಒಂದೇ ರಾಜ್ಯವಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಆ ಸುದ್ದಿ ಬಸ್ಸಿಗೆ ಇನ್ನೂ ಮುಟ್ಟಿರಲಿಲ್ಲ.

ಮನೆ ಸಿಗುವುದು ಕಷ್ಟವಾಯಿತು. ಗಂಡ ಊರಲ್ಲಿದ್ದಾನೆ, ಹೆಂಡತಿ ಕಲ್ಲು ಓದಲು ಬಂದಿದ್ದಾಳೆ ಎಂದರೆ ಯಾರು ನಂಬುತ್ತಾರೆ? ಬಾವಿಯ ಹತ್ತಿರ ಒಬ್ಬಾಕೆ ನೇರವಾಗಿ ಕೇಳಿಯೇ ಬಿಟ್ಟಳು: "ಅವರು ನಿಮ್ಮನ್ನ ಬಿಟ್ರೋ, ನೀವೇ ಅವರನ್ನ ಬಿಟ್ಟು ಬಂದ್ರೋ?" ಕೊನೆಗೆ ಜಾಗ ಕೊಟ್ಟವರು ಕೊಬ್ಬರಿ ವ್ಯಾಪಾರದ ಧರಣೇಂದ್ರಯ್ಯನವರು, ಪದ್ಮಾವತಮ್ಮನವರ ಯಜಮಾನರು. ಆ ಚಿಕ್ಕ ಬಸದಿಯನ್ನು ತಲೆತಲಾಂತರದಿಂದ ನೋಡಿಕೊಂಡು ಬಂದದ್ದು ಅವರ ಮನೆತನವೇ. "ನಮ್ ಕಲ್ಲು ಓದೋಕೆ ಬಂದವ್ರೆ, ಬೀದೀಲಿ ಬಿಡೋಕಾಯ್ತದಾ" ಎಂದು ಹೆಂಡತಿಗೆ ಹೇಳಿದರು. ಆ ಹೊತ್ತಿಗೆ ಅವರ ಪಾದ ಮುಟ್ಟಬೇಕೆನ್ನಿಸಿತು.

ಊಟದ ಪಾಡು ಬೇರೆಯೇ. ನಾನು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿ ತಿಂದು ಬೆಳೆದವಳು. ಅವರ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಇಲ್ಲ. ಟ್ರಂಕಿನಲ್ಲಿ ತಂದಿದ್ದ ನನ್ನ ಹಿಂಡಿಯ ಡಬ್ಬಿ ಮೊದಲ ದಿನವೇ ವಾಸನೆಯಿಂದ ಸಿಕ್ಕಿಬಿದ್ದು ಬಾವಿಯಾಕೆಯ ಮನೆ ಸೇರಿತು. ರಾಗಿ ಮುದ್ದೆ ಬಡಿಸಿದರೆ ನಾನು ರೊಟ್ಟಿಯಂತೆ ಅಗಿಯುತ್ತ ಕೂತೆ. "ಅಗೀಬಾರದು ಕಣಮ್ಮ, ಸಾರಲ್ಲಿ ಅದ್ಕೊಂಡು ನುಂಗ್ಬೇಕು" ಎಂದು ಪದ್ಮಾವತಮ್ಮನವರು ಬಾಯಿಗೆ ಸೆರಗು ಹಿಡಿದು ನಕ್ಕರು. ಒಂದು ತಿಂಗಳಲ್ಲಿ ನುಂಗಲು ಕಲಿತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ!

ಕಲ್ಲು ಮಾತ್ರ ಪಳಗಲಿಲ್ಲ. ತೆಳು ಕಾಗದ ಒತ್ತಿ ಮಸಿ ಬಡಿದು ಅಚ್ಚು ತೆಗೆದರೆ ಆ ಎರಡು ಸಾಲು ಬರೀ ಕಪ್ಪು. ಇಂಥ ಸವೆದ ಅಕ್ಷರ ಕಾಣಬೇಕಾದರೆ ಬಿಸಿಲು ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಇದ್ದ ಅಲ್ಪಸ್ವಲ್ಪ ಗೀರಿನಲ್ಲೂ ನೆರಳು ನಿಲ್ಲುತ್ತದೆ. ಕಲ್ಲು ದಕ್ಷಿಣಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲನ್ನು ಬಸದಿಯ ಗೋಡೆ ತಡೆಯುತ್ತಿತ್ತು, ಮಧ್ಯಾಹ್ನ ಮರದ ನೆರಳು ಚುಕ್ಕೆ ಚುಕ್ಕೆಯಾಗಿ ಬಿದ್ದು ಕಣ್ಣು ಕೆಡಿಸುತ್ತಿತ್ತು. ಓರೆ ಬಿಸಿಲು ಸಿಗುವುದು ಸಂಜೆ, ಸೂರ್ಯ ಇಳಿಯುವ ಕೊನೆಯ ಹೊತ್ತಿನಲ್ಲಿ ಮಾತ್ರ. ಅದೂ ಯುಗಾದಿಯ ತನಕ. ಆಮೇಲೆ ಸೂರ್ಯ ಉತ್ತರಕ್ಕೆ ಸರಿದು, ಮುಳುಗುವ ಬಿಸಿಲು ಕಲ್ಲಿನ ಬೆನ್ನಿಗೆ ಬೀಳುತ್ತದೆ. ಮತ್ತೆ ಮುಖಕ್ಕೆ ಬೀಳಬೇಕಾದರೆ ದಸರೆ ಬರಬೇಕು. ನನ್ನ ರಜೆ ಬೇಸಿಗೆಗೇ ಮುಗಿಯುತ್ತಿತ್ತು, ಇನ್ನೊಮ್ಮೆ ಕೊಡುವುದಿಲ್ಲ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಈ ಯುಗಾದಿಯೊಳಗೆ ಓದಿದರೆ ಡಾಕ್ಟರೇಟು, ಇಲ್ಲದಿದ್ದರೆ ಇಲ್ಲ.

ಆ ಕೊನೆಯ ಹೊತ್ತೇ ಪದ್ಮಾವತಮ್ಮನವರ ಮನೆಯ ರಾತ್ರಿ ಊಟದ ಹೊತ್ತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ನನಗೆ ಊಟ ಅವರಿಚ್ಛೆ, ನೋಟ ಸೂರ್ಯನಿಚ್ಛೆ, ನನ್ನಿಚ್ಛೆಯದು ಏನೂ ಉಳಿದಿರಲಿಲ್ಲ.

ಸಂಜೆಯ ಬಿಸಿಲಿಗೆಂದು ಹೋದ ಮೊದಲ ದಿನ ಅದು ಪೂರ್ತಿ ಆರುವ ತನಕ ಕಲ್ಲಿನ ಮುಂದೆ ಕೂತು, ಮಬ್ಬುಗತ್ತಲಲ್ಲಿ ಮನೆಗೆ ಬಂದೆ. ಒಂದು ರಾತ್ರಿ ಉಪವಾಸಕ್ಕೆ ಯಾರೂ ಸಾಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಹಜಾರದಲ್ಲಿ ಧರಣೇಂದ್ರಯ್ಯನವರು ಮೆಲ್ಲಗೆ ಹೇಳಿದರು: "ಅವಳೂ ಉಂಡಿಲ್ಲ. ಮನೇಲಿರೋ ಅತಿಥಿ ಉಣ್ಣದೆ ಅವಳು ಯಾವತ್ತೂ ಉಂಡೋಳಲ್ಲ."

ನನಗೆ ಸಿಟ್ಟೇ ಬಂತು. ಒಳಗೆ ಹೋಗಿ, "ಅವ್ವಾರ, ನಾ ಅತಿಥಿ ಅಲ್ರೀ, ಬಾಡಿಗೀ ಕೊಡಾಕಿ. ನನ್ನ ದಾರಿ ಕಾಯಬ್ಯಾಡ್ರಿ, ನೀವು ಉಣ್ರಿ" ಎಂದೆ.

"ಬಾಡಿಗೆ ಕೊಡೋದು ಕೋಣೆಗೆ. ಊಟಕ್ಕೆ ನೀವು ನಮ್ಮನೆಯೋರೇ" ಎಂದು ಅವರು ಮಗ್ಗುಲು ಬದಲಿಸಿ ಮಲಗಿದರು.

ಮರುದಿನ ನಾನು ಹೋದೆ, ಅವರು ಉಪವಾಸ. ಅದರ ಮರುದಿನವೂ ಅದೇ. ನನ್ನ ಹಟಕ್ಕೆ ಗದಗಿನಲ್ಲಿ ಹೆಡ್‌ಮಿಸ್ಟ್ರೆಸ್ಸೇ ಹೆದರುತ್ತಿದ್ದರು. ಇಲ್ಲಿ ಅರವತ್ತು ದಾಟಿದ ಈ ಹೆಂಗಸು ಒಂದು ಮಾತೂ ಆಡದೆ ನನ್ನನ್ನು ಸೋಲಿಸುತ್ತಿದ್ದರು. ಅವರ ಹೊಟ್ಟೆ ಉರಿಸಿ ನಾನು ಡಾಕ್ಟರ್ ಆಗಬೇಕೇ ಎಂದು ಒಂದು ದಿನ ಹೊತ್ತಿಗೆ ಮುಂಚೆಯೇ ಬಂದು ಉಂಡೆ. ಹೊರಗೆ ಅತ್ಯುತ್ತಮ ಬಿಸಿಲು ವ್ಯರ್ಥವಾಗಿ ಇಳಿಯುವುದನ್ನು ಕಿಟಕಿಯಿಂದ ನೋಡುತ್ತ ಕಣ್ಣಲ್ಲಿ ನೀರು ಬಂತು. ಬೇರೆ ಕಡೆ ಇರೋಣವೆಂದು ಬಸ್‌ಸ್ಟ್ಯಾಂಡಿನ ಹೋಟೆಲಿನ ಮೇಲಿನ ಕೋಣೆ ನೋಡಲು ಹೋದರೆ ಮೆಟ್ಟಿಲ ಮೇಲೆಯೇ ಗಂಡಸರು ಇಸ್ಪೀಟು ಆಡುತ್ತಿದ್ದರು. ಹಾಗೆಯೇ ತಿರುಗಿ ಬಂದೆ. ಕತ್ತಲಾದ ಮೇಲೆ ಕಂದೀಲು ಹಿಡಿದು ಓದಲೇ ಎಂದು ಧರಣೇಂದ್ರಯ್ಯನವರನ್ನು ಕೇಳಿದೆ.

"ಬೆಳಕಿಗೆ ಹುಳ ಬಂದು ಸುಟ್ಟು ಸಾಯ್ತವೆ ಕಣಮ್ಮ. ಒಂದು ಜೀವಕ್ಕೂ ನೋವು ಮಾಡ್ದೆ ಹೋದೋಳ ಮುಂದೆ ಅದು ಬ್ಯಾಡಿ" ಎಂದರು.

ಯುಗಾದಿ ಹತ್ತಿರವಾಗುತ್ತಿತ್ತು. ಒಂದು ಸಂಜೆ ಕಲ್ಲಿನ ಮುಂದೆ ಮಂಡಿಯೂರಿ, ಒದ್ದೆ ಬಟ್ಟೆಯಿಂದ ಒರೆಸುತ್ತ ಅಕ್ಷರ ಹುಡುಕುತ್ತಿದ್ದೆ. ಹಿಂದಿನಿಂದ ಬಳೆಯ ಸದ್ದು ಕೇಳಿಸಿತು. ಪದ್ಮಾವತಮ್ಮನವರು ಬುತ್ತಿ ಹಿಡಿದು ಬೇಲಿ ದಾಟಿ ಬರುತ್ತಿದ್ದರು, ಏದುಸಿರು ಬಿಡುತ್ತ.

"ಉಪವಾಸ ಮಾಡಿದೋಳ ಕಲ್ಲು ಓದೋಕೆ ಊರೋರೆಲ್ಲ ಉಪವಾಸ ಮಾಡ್ಬೇಕೇನು? ತಗೊಳ್ಳಿ" ಎಂದು ಬಿಚ್ಚಿದರು. ಒಳಗೆ ಪಲ್ಯ ಇಟ್ಟು ಸುತ್ತಿದ ಅಕ್ಕಿ ರೊಟ್ಟಿ.

"ಕಲ್ಲಿನ ಮುಂದ ಉಣಬಹುದೇನ್ರಿ?"

"ಅವಳು ಬಿಟ್ಟಿದ್ದು ಅವಳ ಊಟ. ಬೇರೆಯೋರ ಊಟ ಬಿಡಿಸ್ಲಿಲ್ಲವಲ್ಲ" ಎಂದರು.

ನನ್ನ ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಪೆನ್ಸಿಲ್ಲು, ಎರಡಕ್ಕೂ ಮಣ್ಣು. ಅವರು ರೊಟ್ಟಿ ಮುರಿದು ನನ್ನ ಬಾಯಿಗೇ ಇಟ್ಟರು. ಅವ್ವ ಸತ್ತು ಇಪ್ಪತ್ತು ವರ್ಷವಾಗಿತ್ತು, ಆಮೇಲೆ ಯಾರೂ ನನಗೆ ತುತ್ತು ಕೊಟ್ಟಿರಲಿಲ್ಲ. ಅಗಿಯುತ್ತಲೇ ಕಲ್ಲಿನಿಂದ ಕಣ್ಣು ತೆಗೆಯದೆ ಕೂತೆ, ತಿರುಗಿದರೆ ಅಳು ಬರುತ್ತಿತ್ತು. ನನ್ನದು ಮುಗಿದ ಮೇಲೆ ಅವರು ಮರದ ಬುಡದಲ್ಲಿ ಕೂತು ಸೂರ್ಯನನ್ನು ನೋಡಿಕೊಂಡು ಬೇಗ ಬೇಗ ಉಂಡರು.

ಅಂದಿನಿಂದ ದಿನವೂ ಹಾಗೆಯೇ ನಡೆಯಿತು. ಇಡೀ ಸಂಜೆ ನನ್ನ ಕೈಗೆ ಸಿಕ್ಕಿತು. ಒಂದು ದಿನ ಒಂದು ಅಕ್ಷರ, ಇನ್ನೊಂದು ದಿನ ಏನೂ ಇಲ್ಲ. ಹಬ್ಬಕ್ಕೆ ಕೆಲವೇ ದಿನ ಉಳಿದಿದ್ದಾಗ, ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುತ್ತಿದ್ದ ಒಂದು ಸಂಜೆ, ಬಿಡಿಬಿಡಿಯಾಗಿ ಕಂಡಿದ್ದ ಅಕ್ಷರಗಳು ಕೂಡಿಕೊಂಡವು. ಬೆಳ್ವೊಲ. ಊರಿನ ಹೆಸರು ಪೂರ್ತಿ ಹೋಗಿತ್ತು, ನಾಡಿನ ಹೆಸರು ಮಾತ್ರ ಸ್ಪಷ್ಟವಾಗಿತ್ತು. ನಾನು ಕೂಗಿಬಿಟ್ಟೆ.

"ಏನಾಯ್ತು, ಹಾವಾ?" ಎಂದು ಪದ್ಮಾವತಮ್ಮನವರು ಓಡಿಬಂದರು.

"ಈಕಿ ನಮ್ಮಾಕೀರೀ! ನಮ್ಮ ಕಡಿಯಾಕಿ!"

ಅವರು ಬಾಗಿ, ನಾನು ತೋರಿಸಿದ ಗೀರಿನೊಳಗೆ ಬೆರಳಿಟ್ಟು ನೋಡಿದರು. ನಾನು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಗಿಯಿತು.

"ನಿಮ್ಮೋಳು ಹೆಂಗಾಗ್ತಾಳೆ? ನಮ್ಮತ್ತೆ, ಅವರತ್ತೆ, ಎಲ್ಲಾ ಇವಳಿಗೆ ಹೂ ಇಟ್ಕೊಂಡು ಬಂದವ್ರೆ. ಹುಟ್ಟಿದ್ದು ಎಲ್ಲಾದ್ರೂ ಇರ್ಲಿ, ಅವಳು ಇಲ್ಲಿಯೋಳು ಕಣಮ್ಮ."

"ಕಲ್ಲಿನಾಗ ಬರದೈತ್ರಿ."

"ಬರೆದಿರೋದು ಎಲ್ಲಿಂದ ಬಂದ್ಲು ಅಂತ. ವಾಪಸ್ ಹೋದ್ಲು ಅಂತ ಬರೆದೈತಾ?"

ಅಂದು ಅವರು ಬುತ್ತಿಯ ಬಟ್ಟೆ ಮಡಚಿಕೊಂಡು ನನಗಿಂತ ಮುಂದೆ ಮನೆಗೆ ನಡೆದರು. ಮರುದಿನ ಬೇಲೂರಿನಿಂದ ಫೋಟೋದವನನ್ನು ಕರೆಸಿ ಅದೇ ಬಿಸಿಲಿನಲ್ಲಿ ಚಿತ್ರ ತೆಗೆಸಿದೆ. ಪದ್ಮಾವತಮ್ಮನವರೇ ಕಲ್ಲಿಗೆ ಹೊಸ ಹೂವಿಟ್ಟು, "ಹೂ ಕಾಣಂಗೆ ತೆಗೀಪ್ಪಾ" ಎಂದು ಅವನಿಗೆ ತಾಕೀತು ಮಾಡಿದರು.

ಬೇಸಿಗೆ ಮುಗಿದು ಗದಗಿಗೆ ಬಂದು, ಶಾಲೆ ಮಾಡುತ್ತಲೇ ಪ್ರಬಂಧ ಬರೆದು ಮುಗಿಸಿದೆ. ಧಾರವಾಡದ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹಿರಿಯರು ಚಿತ್ರ ಹಿಡಿದು ಕೇಳಿದರು: "ಹಿಂದಿನವರಿಗೆ ಕಾಣದ್ದು ನಿಮಗ ಹೆಂಗ ಕಂಡಿತು?"

"ಅವರಿಗೆ ಯಾರೂ ಅಲ್ಲಿಗೇ ಊಟ ತಂದುಕೊಡಲಿಲ್ಲರೀ" ಎಂದೆ. ಎಲ್ಲರೂ ನಕ್ಕರು. ನಾನು ನಿಜವನ್ನೇ ಹೇಳಿದ್ದೆ. ಆಮೇಲೆ ಅವರು, ಹಾಗಾದರೆ ಈ ಹೆಂಗಸು ಬೆಳ್ವೊಲದವಳೋ ದೋರಸಮುದ್ರದವಳೋ, ಒಂದು ನಿರ್ಣಯಕ್ಕೆ ಬನ್ನಿ ಎಂದರು. ಎರಡೂ ಕಡೆಯವಳು ಎಂದು ಬರೆಯಲು ಅಪ್ಪಣೆ ಕೊಡಿ ಎಂದು ಕೇಳಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೂ ಪದವಿ ಕೊಟ್ಟರು.

ಆ ಸಂತೋಷಕ್ಕೆ ನಮ್ಮ ಮನೆಯವರು ಓಣಿಯವರನ್ನೆಲ್ಲ ಊಟಕ್ಕೆ ಕರೆದಿದ್ದರು. ರಾತ್ರಿ ಎಂಟಕ್ಕೆ ಎಲೆ ಹಾಕಿ, ಹೋಳಿಗೆ ಬಡಿಸಿ, ನನ್ನನ್ನು ನಡುವೆ ಕೂಡಿಸಿದರು. ನಾನು ಮೊದಲ ತುತ್ತು ಎತ್ತದೆ ಯಾರೂ ಎಲೆಗೆ ಕೈ ಹಾಕುವಂತಿರಲಿಲ್ಲ. ನನಗೋ ಹಳೇಬೀಡಿನಿಂದ ಬಂದಂದಿನಿಂದ ಹೊತ್ತು ಮುಳುಗಿದರೆ ಹಸಿವೆಯೇ ಆಗುತ್ತಿರಲಿಲ್ಲ. ವ್ರತವೇನೂ ಅಲ್ಲ. ಆ ಹೊತ್ತಿಗೆ ಅನ್ನ ಕಂಡರೆ ಅಲ್ಲಿ ಒಬ್ಬರು ನನಗಾಗಿ ಉಣ್ಣದೆ ಮಲಗಿದ್ದಾರೆ ಎನ್ನಿಸುತ್ತದೆ. ನಾದಿನಿ, "ಎತ್ತವಾ ಡಾಕ್ಟರವ್ವ, ಮಂದಿ ಹಸದಾರ" ಎಂದಳು. ನನ್ನ ಕೈ ಏಳಲಿಲ್ಲ.

ನಮ್ಮ ಮನೆಯವರು ತುಪ್ಪ ಹಾಕುವ ನೆಪದಲ್ಲಿ ನನ್ನ ಪಕ್ಕಕ್ಕೆ ಬಾಗಿದರು. "ನೀ ಇನ್ನೂ ಪೂರಾ ಊರಿಗೆ ಬಂದಿಲ್ಲ, ಅಲ್ಲಾ?" ಎಂದು ಮೆಲ್ಲಗೆ ಕೇಳಿದರು.

"ಅರ್ಧ ಬಂದೀನ್ರಿ" ಎಂದೆ.

"ಆಗಲಿ. ಉಳದರ್ಧಕ್ಕ ನಾ ಕಾಯ್ತೀನಿ. ಈ ಮಂದೀನ ಕಾಯಸಬ್ಯಾಡ, ಉಣ್ಣು."

ನಾನು ಹೋಳಿಗೆ ಮುರಿದು ಬಾಯಿಗಿಟ್ಟೆ. ಪಂಕ್ತಿಯವರೆಲ್ಲ ಎಲೆಗೆ ಕೈ ಹಾಕಿದರು.