ತೂಕದಣ್ಣ ಬೆಟ್ಟ ಹತ್ತಿದ್ದು

ನಮ್ಮ ಬೀದಿಯಲ್ಲಿ ಮಗು ಹುಟ್ಟಿದರೆ ಮೊದಲು ತಾಯಿಯ ಕೈಗೆ ಕೊಡುತ್ತಿರಲಿಲ್ಲ, ತೂಕದಣ್ಣನ ಕೈಗೆ ಕೊಡುತ್ತಿದ್ದರು. ಅವನು ಒಂದು ಕಣ್ಣು ಮುಚ್ಚಿ, ಮಗುವನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಮೂರು ಕಿಲೋ ನೂರೈವತ್ತು. ಬಟ್ಟೆ ಒದ್ದೆಯಾಗಿದೆ, ಅದನ್ನ ಕಳೆದರೆ ಮೂರು ಕಿಲೋ ನೂರು" ಅನ್ನುತ್ತಿದ್ದ. ಆಸ್ಪತ್ರೆಯ ಯಂತ್ರ ಬೇರೆ ಏನಾದರೂ ಹೇಳಿದರೆ ನರ್ಸಮ್ಮ ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದಳು. ಅಂಚೆಯವನು ಲಕೋಟೆ ಕೊಟ್ಟರೆ ಅಂಗೈಯಲ್ಲಿ ತೂಗಿಯೇ ಒಳಗೆ ಎಷ್ಟು ಹಾಳೆ ಇದೆ, ಅದರಲ್ಲಿ ಎಷ್ಟು ಸುಳ್ಳಿದೆ ಎಂದು ಹೇಳುವಷ್ಟು ಪಳಗಿದ ಕೈ ಅದು.

ಕೆಲಸವೂ ಅದೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ತಗಡಿನ ಸೂರಿನ ಒಂದು ಕೋಣೆಯಲ್ಲಿ ಅವನ ನಾದಿನಿಯ ಚಾರಣದ ಕಚೇರಿ. ಹೆಂಡತಿಯ ತಂಗಿ ಅಂದರೆ ಮನೆಯ ಹುಡುಗಿಯೇ, ಆದರೆ ಕಚೇರಿಯಲ್ಲಿ ಒಡತಿ ಅವಳು, ಗೈಡೂ ಅವಳೇ. ದೂರದೂರದಿಂದ ಬಂದವರನ್ನು ಕಟ್ಟಿಕೊಂಡು ಐದು ದಿನ ನಡೆಸಿ ಶಿಖರಕ್ಕೆ ಮುಟ್ಟಿಸಿ, ಮೂರು ದಿನದಲ್ಲಿ ಇಳಿಸಿಕೊಂಡು ಬರುತ್ತಿದ್ದಳು. ಟೆಂಟು, ಹಾಸಿಗೆ, ಪಾತ್ರೆಪಡಗ ಹೇಸರಗತ್ತೆಯ ಬೆನ್ನಿಗೆ. ಉಳಿದದ್ದು ಅವರವರ ಬೆನ್ನಿಗೆ. ಒಬ್ಬೊಬ್ಬರ ಚೀಲ ಹನ್ನೆರಡು ಕಿಲೋ ದಾಟಬಾರದು ಎಂಬುದು ನಿಯಮ. ಕೋಣೆಯ ನಡುತೊಲೆಗೆ ಒಂದು ಕೊಕ್ಕೆ, ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ, ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಇಪ್ಪತ್ತಾರು ವರ್ಷದಿಂದ ತೂಕದಣ್ಣ.

ಚೀಲ ಹನ್ನೆರಡು ದಾಟಿತೋ, ಅವನು ಅದರ ಬಾಯಿ ಬಿಚ್ಚಿ ಒಂದೊಂದೇ ಸಾಮಾನು ಎತ್ತುತ್ತಿದ್ದ. ಎರಡೇ ಮಾತು. "ಬೆಟ್ಟಕ್ಕೆ ಬೇಡ." ಗೋಡೆಯ ಹಲಗೆಯ ಮೇಲೆ ಅಂಥ ಸಾಮಾನಿನ ಸಾಲೇ ಇತ್ತು: ಇಸ್ತ್ರಿಪೆಟ್ಟಿಗೆ, ಕಾಲೊರಸು, ಮಾವನವರ ಕಟ್ಟು ಹಾಕಿಸಿದ ಫೋಟೊ, ನಾಯಿಯಿಲ್ಲದ ನಾಯಿಸರಪಳಿ. ಹಲ್ಲುಜ್ಜುವ ಬ್ರಶ್ಶಿಗೆ ಹಿಡಿ ಯಾಕೆ ಅಷ್ಟುದ್ದ ಎಂದು ಪುಟ್ಟ ಗರಗಸದಿಂದ ಅರ್ಧಕ್ಕೆ ಕುಯ್ದು ಕೊಡುತ್ತಿದ್ದ. ಕುಯ್ದ ಹಿಡಿಗಳು ಮೂರು ಡಬ್ಬಿ ತುಂಬಿದ್ದವು. ಅವನ ಮನೆಯಲ್ಲಂತೂ ಉದ್ದ ಬ್ರಶ್ಶು ನೋಡಿದ ಮಕ್ಕಳೇ ಇಲ್ಲ.

ಹೀಗಿರುವಾಗ ಒಂದು ಗುಂಪು ಬಂತು. ಒಬ್ಬ ಹಲ್ಲಿನ ಡಾಕ್ಟರು, ವ್ಯಾಯಾಮದ ಹುಚ್ಚು, ಚೀಲದಲ್ಲಿ ಮೂರು ಮೂರು ಕಿಲೋದ ಎರಡು ಡಂಬೆಲ್ಲು. ಒಂದು ಹೊಸ ಜೋಡಿ, ಮದುವೆಯ ಆಲ್ಬಮ್ಮು ತಂದಿದ್ದರು. ಶಿಖರದ ಮೇಲೆ ಕೂತು ಒಟ್ಟಿಗೆ ನೋಡಬೇಕಂತೆ. ಇನ್ನೊಬ್ಬರು ನಿವೃತ್ತ ಹೆಡ್‌ಮೇಡಂ. ಅವರ ಚೀಲದಲ್ಲಿ ಶಾಲೆಯವರು ಬೀಳ್ಕೊಡುಗೆಗೆ ಕೊಟ್ಟ ಹಿತ್ತಾಳೆಯ ಕೈಗಂಟೆ, ಕಂಕುಳಲ್ಲಿ ಮರದ ಹಿಡಿಯ ಕಪ್ಪು ಛತ್ರಿ.

ಡಂಬೆಲ್ಲು ಹಲಗೆಗೆ ಹೋಯಿತು. ಆಲ್ಬಮ್ಮು ಹೋಯಿತು. ಗಂಟೆ ಹೋಯಿತು. ತೂಕದಣ್ಣ ಛತ್ರಿಗೆ ಕೈ ಹಾಕಿದ.

"ಆರುನೂರು ಗ್ರಾಂ. ಬೆಟ್ಟಕ್ಕೆ ಬೇಡ."

"ಯಾಕ್ ಬೇಡ?"

"ಮೇಲಿನ ಗಾಳಿಗೆ ಇದನ್ನ ಬಿಚ್ಚಿದ್ರೆ ನೀವು ಪಕ್ಕದ ದೇಶದಲ್ಲಿ ಇಳೀತೀರಿ ಮೇಡಂ. ಅಲ್ಲಿಂದ ಬಸ್ಸಿಲ್ಲ."

ಹೆಡ್‌ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ನೀವು ಎಷ್ಟು ಸಲ ಹತ್ತಿದೀರಿ?"

ತೂಕದಣ್ಣ ತಕ್ಕಡಿಯ ಮುಳ್ಳನ್ನು ಒರೆಸತೊಡಗಿದ. ಅಲ್ಲೇ ಮೂಲೆಯಲ್ಲಿ ಚೀಲದ ಪಟ್ಟಿ ಹೊಲಿಯುತ್ತಿದ್ದ ಅವನ ಹೆಂಡತಿ ಮೆಷಿನ್ನು ನಿಲ್ಲಿಸಿ ಹೇಳಿದಳು: "ಅಟ್ಟ ಹತ್ತಿದ್ದಾರೆ ಮೇಡಂ. ಎರಡು ಸಲ. ಒಂದು ಸಲ ಇಳಿಯೋಕೆ ಅಕ್ಕಪಕ್ಕದೋರು ಬಂದ್ರು."

"ಲೇ, ನೀನ್ ಸುಮ್ನಿರೇ!"

"ಸುಮ್ನಿದ್ದೀನಲ್ರೀ ಇಪ್ಪತ್ತಾರು ವರ್ಷ!"

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಇವನಿಗೆ ಬೆಟ್ಟವೆಂದರೆ ಕಚೇರಿಯ ಕಿಟಕಿಯಲ್ಲಿ ಕಾಣುವ ಬಿಳಿ ತ್ರಿಕೋನ, ಅಷ್ಟೇ. "ಬೆಟ್ಟ ನೋಡದವರು ಬೆಟ್ಟಕ್ಕೇನು ಬೇಕು ಅಂತ ಹೇಳೋದಾ?" ಎಂದು ಹೆಡ್‌ಮೇಡಂ ಗಂಟೆಯನ್ನು ಹಲಗೆಯಿಂದ ಎತ್ತಿ ವಾಪಸು ಚೀಲಕ್ಕೆ ಹಾಕಿದರು. ಅದನ್ನು ನೋಡಿ ಡಾಕ್ಟರು ಡಂಬೆಲ್ಲು ಎತ್ತಿಕೊಂಡರು. ಜೋಡಿ ಆಲ್ಬಮ್ಮು ಎತ್ತಿಕೊಂಡಿತು. ಇಪ್ಪತ್ತಾರು ವರ್ಷದ ಕಾನೂನು ಎರಡು ನಿಮಿಷದಲ್ಲಿ ಮಣ್ಣುಪಾಲು.

ನಾದಿನಿ ನಕ್ಷೆ ಮಡಚಿಟ್ಟು ತೀರ್ಪು ಕೊಟ್ಟಳು. "ಭಾವ, ನೀವೂ ಬನ್ನಿ. ಬೇಕು ಅಂತ ನಿಮಗೆ ಅನಿಸಿದ್ದಷ್ಟೇ ಹೊತ್ಕೊಳ್ಳಿ. ಶಿಖರ ಮುಟ್ಟೋ ತನಕ ಯಾರ ಹತ್ರನೂ ಒಂದು ಸೂಜೀನೂ ಕೇಳಬಾರದು. ಕೇಳಿದ್ರೆ ಕೊಕ್ಕೆ ಬಿಚ್ಚಿಸ್ತೀನಿ, ತಕ್ಕಡಿ ಗುಜರಿಗೆ. ಕೇಳದೆ ಮುಟ್ಟಿದ್ರೆ ನಿಮ್ಮ ಮಾತೇ ಕೊನೆ. ಇವ್ರೂ ಅಷ್ಟೇ, ವಾಪಸ್ ಎತ್ಕೊಂಡಿದ್ದನ್ನೆಲ್ಲ ಇವ್ರೇ ಹೊರಬೇಕು."

ತಕ್ಕಡಿ ಇಲ್ಲದ ತೂಕದಣ್ಣ ಅಂದರೆ ಬರೀ ಅಣ್ಣ. ಆ ಯೋಚನೆಗೇ ಅವನಿಗೆ ಬೆವರಿತು. ಆದರೆ ಮೀಸೆ ಇತ್ತಲ್ಲ, ಒಪ್ಪಿಕೊಂಡ. ಒಪ್ಪಿದ್ದು ಸಾಲದು ಅಂತ ಜಂಬ ಬೇರೆ. ಹನ್ನೆರಡು ಯಾಕೆ, ಐದೇ ಕಿಲೋ ಸಾಕು ಎಂದ. ಗುಂಪಿನ ಹಗ್ಗ, ಒಂದು ಜೊತೆ ಕಾಲುಚೀಲ, ಒಂದು ಪೊಟ್ಟಣ ಒಣದ್ರಾಕ್ಷಿ. ಉಡುಪೆಲ್ಲ ಒಂದರ ಮೇಲೊಂದು ಹಾಕಿಕೊಂಡ. ಅರ್ಧ ಬ್ರಶ್ಶು ಅಂಗಿಯ ಜೇಬಿನಲ್ಲಿ. ಮಳೆಕೋಟನ್ನು ಕೈಯಲ್ಲಿ ತೂಗಿ, "ನಾನೂರು ಗ್ರಾಂ. ಈ ತಿಂಗಳಲ್ಲಿ ಮಳೆಯೆಲ್ಲಿಂದ?" ಎಂದು ತನ್ನದನ್ನೇ ಹಲಗೆಯ ಮೇಲಿಟ್ಟ.

"ಭಾವ, ಅದು ಬೇಕಾಗುತ್ತೆ."

"ನಿನಗೆ ಬೆಟ್ಟ ಗೊತ್ತು. ನನಗೆ ತೂಕ ಗೊತ್ತು."

ಅಷ್ಟಕ್ಕೂ ನಿಲ್ಲದೆ, ಶಿಖರ ಮುಟ್ಟುವ ತನಕ ಚೀಲದ ಬಾಯಿಯನ್ನೇ ಬಿಚ್ಚುವುದಿಲ್ಲ, ಬಿಚ್ಚಿದರೆ ಏನೋ ಬೇಕಾಯಿತು ಅಂತ ಆಗುತ್ತದೆ, ಎಂದು ಎಲ್ಲರೆದುರು ಶಪಥ ಮಾಡಿದ. ಈ ಶಪಥವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಉಳಿದವರು ಚೆನ್ನಾಗಿಯೇ ನೆನಪಿಟ್ಟುಕೊಂಡರು.

ಮೊದಲ ದಿನ ಪೈನ್ ಮರಗಳ ನಡುವೆ ಏರು. ತೂಕದಣ್ಣ ಮೇಕೆಯಂತೆ ಮುಂದೆ. ಹಿಂದೆ ಡಾಕ್ಟರ ಉಸಿರು ಕುಲುಮೆಯ ತಿದಿಯಂತೆ ಕೇಳುತ್ತಿತ್ತು. ಆ ಗಾಳಿಗೆ ಮೂರು ಮರ ಬಾಗಿದವು ಎಂದು ಹೇಳುತ್ತಾರೆ, ನಾನು ಎರಡನ್ನು ಮಾತ್ರ ನಂಬುತ್ತೇನೆ. ಸಂಜೆ ಅವನು ತನ್ನ ಚೀಲವನ್ನು ಒಂದೇ ಬೆರಳಿನಲ್ಲಿ ಎತ್ತಿ ತೋರಿಸಿದ. "ಐದು ಕಿಲೋ. ಹೂವು!"

ಎರಡನೆಯ ದಿನ ಬೆಳಿಗ್ಗೆ ಹೊರಡುವಾಗ ಚೀಲ ಹೆಗಲಿಗೆ ಏರಿಸಿದವನು ಹಾಗೇ ನಿಂತ. ಇಳಿಸಿದ. ಒಂದು ಕಣ್ಣು ಮುಚ್ಚಿ ಮತ್ತೆ ಎತ್ತಿದ. ಎಂಟು ಕಿಲೋ. ಅವನ ಕೈ ಸುಳ್ಳು ಹೇಳಿದ್ದಿಲ್ಲ. ತಾನು ಕಟ್ಟಿದ ಚೀಲವೂ ಸುಳ್ಳು ಹೇಳುವುದಿಲ್ಲ. ಹಾಗಾದರೆ?

ಬಂಡೆಗಳ ಮೇಲೆ ಇಡೀ ದಿನ ಯೋಚಿಸುತ್ತಾ ನಡೆದ. ಮೂರನೆಯ ದಿನ ಕಣಿವೆ ದಾಟುವಾಗ ಹತ್ತು ಕಿಲೋ ಮುನ್ನೂರು. ಆಗ ಅವನಿಗೆ ಜ್ಞಾನೋದಯವಾಯಿತು. ನಾದಿನಿಯನ್ನು ಒಂದು ಬಂಡೆಯ ಮರೆಗೆ ಕರೆದ.

"ಎತ್ತರಕ್ಕೆ ಹೋದ ಹಾಗೆ ತೂಕ ಹೆಚ್ಚುತ್ತೆ ಅಂತ ಯಾಕಮ್ಮ ನೀನು ಇಷ್ಟು ವರ್ಷ ಹೇಳ್ಲಿಲ್ಲ?"

ನಾದಿನಿ ಕೆಮ್ಮಿದಳು. "ಭಾವ, ಅದು..."

"ದಿನಕ್ಕೆ ಎರಡು ಮೂರು ಕಿಲೋ! ಕೆಳಗಿನ ಐದು ಇಲ್ಲಿ ಹತ್ತು. ಅಯ್ಯೋ, ನಾನು ಜನಕ್ಕೆ ಹನ್ನೆರಡು ಬಿಟ್ಟಿದ್ನಲ್ಲ! ಪಾಪ, ಮೇಲೆ ಬರೋ ಹೊತ್ತಿಗೆ ಅವರಿಗೆ ಮೂವತ್ತಾಗಿರುತ್ತೆ! ಇಪ್ಪತ್ತಾರು ವರ್ಷ ಎಷ್ಟು ಜನರ ಬೆನ್ನು ಮುರಿದೆನೋ." ಅವನ ಕಣ್ಣಲ್ಲಿ ನೀರು. "ಊರಿಗೆ ಹೋದ ಕೂಡ್ಲೇ ನಿಯಮ ಆರು ಕಿಲೋಗೆ ಇಳಿಸ್ತೀನಿ. ಹಲ್ಲುಜ್ಜೋ ಬ್ರಶ್ಶಿಗೆ ಹಿಡಿಯೇ ಇರಕೂಡದು."

ಬಂಡೆಯ ಇನ್ನೊಂದು ಮಗ್ಗುಲಲ್ಲಿ ಕೂತಿದ್ದ ಡಾಕ್ಟರು ಅದನ್ನು ಕೇಳಿ ಬಿಳುಚಿದರು. ಮಾತು ಗುಂಪಿಗೆಲ್ಲ ಹಬ್ಬಿತು. ಅಂದಿನಿಂದ ಅವನನ್ನು ಸೋಲಿಸಲು ಪೈಪೋಟಿ ಶುರುವಾಯಿತು.

"ಬೆನ್ನು ನೋಯ್ತಿದೆಯಾ? ನನ್ನ ಹತ್ರ ಎಣ್ಣೆ ಇದೆ. ಸುಮ್ನೆ ಕೇಳಿ ಸಾಕು," ಎಂದರು ಡಾಕ್ಟರು.

"ಬೆಟ್ಟಕ್ಕೆ ಬೇಡ."

"ಅಂಕಲ್, ಚಮಚ ಬೇಕಾ?" ಎಂದಳು ಮದುವೆ ಹುಡುಗಿ, ಅವನು ಲೋಟದಿಂದ ಸಾರಿನ ತಳವನ್ನು ನಾಲಿಗೆಯಲ್ಲಿ ಹುಡುಕುತ್ತಿದ್ದಾಗ.

"ಬ್ಯಾಡಮ್ಮ."

ನಾಲ್ಕನೆಯ ದಿನ ಹದಿನಾಲ್ಕೂವರೆ. ಮೇಕೆ ಈಗ ಆಮೆಯಾಗಿತ್ತು. ವಿಚಿತ್ರವೆಂದರೆ ಉಳಿದವರೆಲ್ಲ ಹಾಡು ಹೇಳಿಕೊಂಡು ಏರುತ್ತಿದ್ದರು. ಬೆಟ್ಟಕ್ಕೆ ತನ್ನ ಮೇಲೆ ಮಾತ್ರ ಹಗೆ ಇರಬೇಕು ಅಂದುಕೊಂಡ. ಐದನೆಯ ದಿನ ಬೆಳಿಗ್ಗೆ ಹದಿನಾರು ಕಿಲೋ ನೂರು. ಚೀಲವನ್ನು ಎತ್ತುವಾಗ ಒಳಗೆಲ್ಲೋ 'ಠಣ್' ಎಂದಂತಾಯಿತು. ಅದು ತನ್ನ ಬೆನ್ನುಮೂಳೆ ಎಂದು ಅವನು ತಿಳಿದ.

ಕೊನೆಯ ಏರನ್ನು ಅವನು ನಡೆದ ಎನ್ನುವುದಕ್ಕಿಂತ ಬೆಟ್ಟವೇ ಬೇಸತ್ತು ಕೆಳಗೆ ಸರಿಯಿತು ಎನ್ನಬೇಕು. ಹೆಜ್ಜೆಗೆ ಹತ್ತು ಉಸಿರು, ಉಸಿರಿಗೊಂದು ಬೈಗುಳ. ಮಧ್ಯಾಹ್ನದ ಹೊತ್ತಿಗೆ ಏರಲು ಇನ್ನೇನೂ ಉಳಿದಿರಲಿಲ್ಲ. ಸುತ್ತ ಹಿಮ, ಕಾಲಡಿ ಮೋಡ. "ಮುಟ್ಟಿದೆ! ಸೂಜಿ ಕೇಳದೆ ಮುಟ್ಟಿದೆ!" ಎಂದು ಕುಣಿದ. ಕುಣಿದ ರಭಸಕ್ಕೆ ಹೆಂಡತಿ ಐದು ಕಿಲೋಗೆಂದು ಹೊಲಿದ ಪಟ್ಟಿ ಚಟ್ಟನೆ ಕಿತ್ತುಬಂತು. ಚೀಲ ಬಿತ್ತು, ಬಾಯಿ ಬಿಚ್ಚಿತು.

ಮೊದಲು ಒಂದು ಡಂಬೆಲ್ಲು ಉರುಳಿ ಬಂತು. ಹಿಂದೆಯೇ ಅದರ ಜೊತೆಯದು. ಆಲ್ಬಮ್ಮು ತೆರೆದುಕೊಂಡು ಶಿಖರದ ಮೇಲೆ ನೆಂಟರೆಲ್ಲ ಸಾಲಾಗಿ ನಿಂತರು. ಕಾಲುಚೀಲ ತುರುಕಿದ್ದ ಹಿತ್ತಾಳೆಯ ಗಂಟೆ ಕಾಲುಚೀಲ ಕಳಚಿಕೊಂಡು ಠಣಠಣ ಎಂದು ಉರುಳಿತು. ಕೊನೆಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಲಾಳ.

ಪ್ರತಿಯೊಬ್ಬರೂ ತಾವೊಬ್ಬರೇ ಕಳ್ಳರು ಎಂದುಕೊಂಡಿದ್ದರು. ಈಗ ಎಲ್ಲರೂ ಎಲ್ಲರ ಮುಖ ನೋಡಿದರು. ಕುಂಬಳಕಾಯಿ ಕಳ್ಳರಾಗಿದ್ದರೆ ಹೆಗಲು ಮುಟ್ಟಿಕೊಳ್ಳಬಹುದಿತ್ತು. ಇವರ ಹೆಗಲು ನಾಲ್ಕು ದಿನದಿಂದ ಖಾಲಿ.

"ಲಾಳ ಯಾರದು?" ಎಂದ ತೂಕದಣ್ಣ.

ನಾದಿನಿ ಹಿಮ ನೋಡಿದಳು. "ಹೇಸರಗತ್ತೆದು ಭಾವ. ಹೆಚ್ಚಿನ ಲಾಳ. ಪಾಪ, ಅದಕ್ಕೂ ಭಾರ ಆಗಬಾರದಲ್ಲ."

ಅವನು ಸಿಟ್ಟಾಗುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೂತು ಒಂದೊಂದನ್ನೇ ಕೈಯಲ್ಲಿ ತೂಗಿದ. "ಡಂಬೆಲ್ಲು ಆರು. ಆಲ್ಬಮ್ಮು ಎರಡು ಮುನ್ನೂರು. ಗಂಟೆ ಒಂದು ಇನ್ನೂರು. ಲಾಳ ಒಂದು ಆರುನೂರು. ನನ್ನದು ಐದು." ಮುಖ ಅರಳಿತು. "ಹದಿನಾರು ಕಿಲೋ ನೂರು! ಕೈ ತಪ್ಪಿಲ್ಲ ಕಣ್ರೋ!" ಆಮೇಲೆ ಅದೇ ಮುಖ ಬಾಡಿತು. "ಆದ್ರೆ ಹನ್ನೆರಡು ದಾಟಿದೆ. ಯಾರು ಹಾಕಿದ್ರೂ ಚೀಲ ನನ್ನದು. ನಿಯಮ ನಿಯಮವೇ. ಕೊಕ್ಕೆ ಬಿಚ್ಚಮ್ಮ."

ಅಷ್ಟರಲ್ಲಿ ಆಕಾಶದಿಂದ ಟಪ್ ಎಂದು ಬಿತ್ತು. ಆಲಿಕಲ್ಲು. ಎಲ್ಲರೂ ಮಳೆಕೋಟು ಎಳೆದುಕೊಂಡರು. ತೂಕದಣ್ಣನ ಕೋಟು ಐದು ದಿನದ ಹಾದಿಯಾಚೆ ಹಲಗೆಯ ಮೇಲೆ ಒಣಗಿತ್ತು. ಅವನು ಬೋಳುತಲೆ ಒಡ್ಡಿ ನೆಟ್ಟಗೆ ನಿಂತ.

"ಹತ್ತು ಗ್ರಾಂ," ಎಂದ ಮೊದಲನೆಯದಕ್ಕೆ. "ಹದಿನಾಲ್ಕು. ಅಯ್ಯಪ್ಪಾ, ಇದು ಇಪ್ಪತ್ತೆರಡು!"

"ಕೇಳಿ ಭಾವ! ನನ್ನ ಹತ್ರ ಇನ್ನೊಂದು ಕೋಟಿದೆ!"

"ಸೋತೋನು ಕೇಳೋದೇನು? ಮೂವತ್ತು!"

ಆಗ ಹೆಡ್‌ಮೇಡಂ ಗಂಟೆಯನ್ನು ಎತ್ತಿ ಮೂರು ಸಲ ಬಾರಿಸಿದರು. ಬೆಟ್ಟಗಳು ಶಾಲೆ ಬಿಟ್ಟಂತೆ ಗದ್ದಲ ಮಾಡಿದವು. "ಕೇಳಿ ಎಲ್ಲರೂ. ಮೂವತ್ತು ವರ್ಷ ಪರೀಕ್ಷೆ ಕೋಣೆ ಕಾದಿದೀನಿ. ಒಬ್ಬನ ಡೆಸ್ಕಿನೊಳಗೆ ಇನ್ನೊಬ್ಬ ಚೀಟಿ ಹಾಕಿದ್ರೆ ಶಿಕ್ಷೆ ಹಾಕಿದವನಿಗೆ. ನಾನೂ ಹಾಕಿದೀನಿ, ನಾಚಿಕೆಯಾಗ್ಬೇಕು ನನಗೆ. ನಾವು ಇವರ ಚೀಲಕ್ಕೆ ಹಾಕಿದ್ದು ಏನು? ಇವರು ಕೆಳಗೆ ಬೇಡ ಅಂದಿದ್ದನ್ನೇ! ಒಂದೂ ಹೆಚ್ಚಿಲ್ಲ. ಲಾಳ ಒಂದು ಬಿಟ್ಟು." ನಾದಿನಿ ಮತ್ತೆ ಹಿಮ ನೋಡಿದಳು. "ಅಂದ್ಮೇಲೆ ಇವರು ಹೇಳಿದ್ದೇ ಸರಿ. ತಕ್ಕಡಿ ಇರ್ಲಿ."

ಹೀಗೆಂದು ಛತ್ರಿ ಬಿಚ್ಚಿದರು. ಪಕ್ಕದ ದೇಶಕ್ಕೇನೂ ಹಾರಲಿಲ್ಲ. ಮೆಲ್ಲಗೆ ಎರಡು ಹೆಜ್ಜೆ ಪಕ್ಕಕ್ಕೆ ಬಂದರು. ಬೋಳುತಲೆಯ ಮೇಲೆ ಕಪ್ಪು ಬಟ್ಟೆ ಹರಡಿತು.

"ನಾನು ಕೇಳ್ಲಿಲ್ಲ," ಎಂದ ತೂಕದಣ್ಣ.

"ನಾನು ಕೊಡ್ಲೂ ಇಲ್ಲ. ಗಾಳಿ ಜಾಸ್ತಿ, ಛತ್ರಿ ತಾನಾಗೇ ಬಂತು." ಆಮೇಲೆ ಕನ್ನಡಕ ಇಳಿಸಿ, "ಆರುನೂರು ಗ್ರಾಂ. ಬೆಟ್ಟಕ್ಕೆ?"

ಅವನು ಛತ್ರಿಯ ಮೇಲೆ ಬೀಳುವ ಕಲ್ಲಿನ ಸದ್ದು ಕೇಳಿದ. ಆಲಿಕಲ್ಲು ಬಿದ್ದು ತಲೆಯ ಮೇಲೆ ಎದ್ದ ಬೋರೆಗಳನ್ನು ಸವರಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಬಾಯಿಗೆ ಬಾರದ ಮಾತು ಕೊನೆಗೆ ಹೊರಬಿತ್ತು.

"...ಬೇಕು."

ಇಳಿಯುವಾಗ ಅವರವರ ಸಾಮಾನು ಅವರವರ ಬೆನ್ನಿಗೆ. ಲಾಳ ಹೇಸರಗತ್ತೆಗೆ. ತೂಕದಣ್ಣ ಗರಿಯಂತೆ ಇಳಿದು ಬಂದ. ಬಾಗಿಲಲ್ಲಿ ಹೆಂಡತಿ ತಲೆಯ ಬೋರೆಗಳನ್ನು ನೋಡಿ, "ಹೋಗೋವಾಗ ಇದ್ದಿದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚಾಗಿ ಬಂದಿದೀರಲ್ರೀ" ಎಂದಳಂತೆ. ಅವನು ನೂರ ಎಂಬತ್ತು ಎಂದು ತಿದ್ದಿದ.

ಈಗ ಕಚೇರಿಯ ಗೋಡೆಯಲ್ಲಿ 'ಹನ್ನೆರಡು ಕಿಲೋ' ಎಂಬುದರ ಕೆಳಗೆ 'ಛತ್ರಿ ಹೊರತು' ಎಂದು ಬರೆದಿದೆ. ಅಂದಿನಿಂದ ಬಂದವರೆಲ್ಲ ಛತ್ರಿ ಹಿಡಿದೇ ಬರುತ್ತಾರೆ. ನಮ್ಮ ಬೀದಿಯಿಂದ ನೋಡಿದರೆ ಅಣಬೆಗಳು ಸಾಲು ಹಿಡಿದು ಆಕಾಶಕ್ಕೆ ಹೊರಟಂತೆ ಕಾಣುತ್ತದೆ. ಮೊನ್ನೆ ಒಬ್ಬ ಯಜಮಾನರು ಬಲು ಜಾಣತನದಿಂದ ಮಡಚಿದ ಛತ್ರಿ ಮುಂದೆ ಚಾಚಿದರು. ತೂಕದಣ್ಣ ಒಂದು ಕಣ್ಣು ಮುಚ್ಚಿದ.

"ಒಂದು ಕಿಲೋ ಎಂಟುನೂರು. ಒಳಗಿರೋ ಇಸ್ತ್ರಿಪೆಟ್ಟಿಗೆ ನೀವೇ ತೆಗೀತೀರೋ, ನಾನು ಛತ್ರಿ ಬಿಚ್ಚಲೋ?"