‘ಪ್ರಾಪ್ತ’ ಎಂಬ ಸಿಕ್ಕಾ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ಸಂಗತಿ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೈದರಾಬಾದಿನ ನಾಚಾರಂಗೆ ಹೋದ ದಿನ ಸರೋಜತ್ತಿಯ ಸೀರೆ ಹಸಿರೋ ನೀಲಿಯೋ, ಆಟೋದಲ್ಲಿ ಹೋದೆವೋ ಬಸ್ಸಿನಲ್ಲೋ, ಆಣೆ ಮಾಡಿ ಹೇಳಲಾರೆ. ಆದರೆ ಹೋದ ವಾರ ಅಪ್ಪನ ಪೆನ್ಷನ್ ಕಾಗದ ಹುಡುಕುವಾಗ ಕಪಾಟಿನಲ್ಲಿ ಸಿಕ್ಕ ಲಕೋಟೆಗೆ ನನ್ನ ನೆನಪಿನ ಹಂಗಿಲ್ಲ. ಅದು ಈಗ ನನ್ನ ಮೇಜಿನ ಮೇಲಿದೆ. ಎಡ ಮೂಲೆಯಲ್ಲಿ ನೇರಳೆ ಶಾಯಿಯಲ್ಲಿ ‘ಪ್ರಾಪ್ತ’ ಎಂಬ ಸಿಕ್ಕಾ, ಕೆಳಗೆ ತಾರೀಖು.

ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದರು. ಸಿಕ್ಕಾ ಬೀಳದ ಕಾಗದ ಬಂದೇ ಇಲ್ಲ ಎಂಬುದು ಅವರ ಸಿದ್ಧಾಂತ. ತಾರ್ನಾಕದ ನಮ್ಮ ಮನೆಗೂ ಅಂಥದೊಂದು ಮಾಡಿಸಿಟ್ಟಿದ್ದರು. ಲೈಟ್ ಬಿಲ್ಲು, ಬೀದರಿನಿಂದ ಬಂದ ಲಗ್ನಪತ್ರಿಕೆ, ನನ್ನ ಮಾರ್ಕ್ಸ್ ಕಾರ್ಡು, ಯಾವುದನ್ನೂ ಬಿಟ್ಟವರಲ್ಲ. “ಅಣ್ಣನ ಕೈಯಾಗ ಕೂಸು ಕೊಡಬ್ಯಾಡ್ರೆವ್ವಾ, ಹಣಿಗೆ ಹೊಡೀತಾನ” ಎಂದು ಅಪ್ಪನ ತಂಗಿ ಸರೋಜತ್ತಿ ಚೇಷ್ಟೆ ಮಾಡುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು.

ಅತ್ತಿಯ ಗಂಡ ಹೊರದೇಶದಲ್ಲಿ ನೌಕರಿಯಲ್ಲಿದ್ದ. ಕರೆಸಿಕೊಳ್ಳುತ್ತೇನೆ ಎನ್ನುತ್ತಲೇ ಮೂರು ವರ್ಷ ತಳ್ಳಿದ. ಅತ್ತಿ ನಮ್ಮ ಮನೆಯಲ್ಲೇ ಇದ್ದಳು. ಒಂದು ದಿನ ಅವನ ಕಡೆಯವರು ಅಲ್ಲಿಯ ಕೋರ್ಟಿನ ವಿಚ್ಛೇದನದ ತೀರ್ಪು ತಂದುಕೊಟ್ಟರು. ಹೆಂಡತಿಗೆ ನೋಟೀಸು ಮುಟ್ಟಿಯೂ ಆಕೆ ಹಾಜರಾಗಿಲ್ಲ ಎಂದು ಅದರಲ್ಲಿತ್ತು. ಕೋರ್ಟಿನ ಮುದ್ರೆಯ ಕೆಳಗೆ, ಹೈದರಾಬಾದಿನಲ್ಲಿರುವ ಆ ದೇಶದ ಪ್ರತಿನಿಧಿಯಾದ ಕಾನ್ಸುಲರ ದುಂಡು ಸಿಕ್ಕಾ.

“ನನಗ ಯಾವ ನೋಟೀಸೂ ಬಂದಿಲ್ಲಣ್ಣಾ” ಎಂದಳು ಅತ್ತಿ.

“ಎರಡೆರಡು ಸಿಕ್ಕಾ ಅದಾವ, ಸರೋಜಾ. ಸರಕಾರ ಸುಳ್ಳು ಹೇಳ್ತೈತೇನು?” ಎಂದರು ಅಪ್ಪ. ಅವತ್ತೇ ತಾಳಿ ತೆಗೆಸಿ ಕಪಾಟಿನಲ್ಲಿಟ್ಟರು.

ನಾನಾಗ ಪಕ್ಕದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದೆ. ಅಂತರರಾಷ್ಟ್ರೀಯ ಕಾನೂನಿನ ತರಗತಿಯಲ್ಲಿ ಮೇಷ್ಟ್ರು ‘ಎಕ್ಸೆಕ್ವಾಟರ್’ ಎಂಬ ಲ್ಯಾಟಿನ್ ಪದ ಬರೆದರು. ಹೊರದೇಶದ ಕಾನ್ಸುಲರನ್ನು ಒಪ್ಪಿಕೊಂಡು ನಮ್ಮ ಸರಕಾರ ಕೊಡುವ ಮಾನ್ಯತಾಪತ್ರಕ್ಕೆ ಆ ಹೆಸರು. ಹೊರಗಿನ ತೀರ್ಪನ್ನು ಸ್ಥಳೀಯ ಕೋರ್ಟು ಮಾನ್ಯ ಮಾಡುವುದಕ್ಕೂ ಕೆಲವು ದೇಶಗಳಲ್ಲಿ ಅದೇ ಹೆಸರಂತೆ. ಪರೀಕ್ಷೆಯಲ್ಲಿ ಚೆಂದವಾಗಿ ಬರೆದು ಒಳ್ಳೆಯ ಅಂಕ ತೆಗೆದೆ. ಆ ಪ್ರಶ್ನೆ ನಮ್ಮ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ. ಅಷ್ಟು ಜಾಣೆ ನಾನು.

ನಾಲ್ಕು ವರ್ಷದ ಮೇಲೆ, ಅತ್ತಿ ಕೆಲಸಕ್ಕಿದ್ದ ನಾಚಾರಂ ಕಾರ್ಖಾನೆಯ ಸ್ಟೋರ್ ಕೀಪರ್, ಹೆಂಡತಿ ತೀರಿಕೊಂಡವರು, ಆಕೆಯನ್ನು ಮದುವೆಗೆ ಕೇಳಿದರು. ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತ ತೀರ್ಪನ್ನು ತಿರುಗಿಸಿ ನೋಡಿ, “ಇದಿ ಇಕ್ಕಡ ಚೆಲ್ಲದಮ್ಮಾ” ಎಂದ. ಇಲ್ಲಿ ನಡೆಯುವುದಿಲ್ಲ.

ಸಿಕ್ಕಾ ಹಾಕಿದವರನ್ನೇ ಕೇಳೋಣವೆಂದು ಅತ್ತಿಯೂ ನಾನೂ ಕಾನ್ಸುಲರ ಬಳಿ ಹೋದೆವು. ಅವರು ಆ ದೇಶ ಇಲ್ಲಿಯವರಲ್ಲೇ ಆರಿಸಿದ ಗೌರವ ಕಾನ್ಸುಲರು. ನಾಚಾರಂನಲ್ಲೇ ಬೇರೊಂದು ಕಾರ್ಖಾನೆ ಇಟ್ಟವರು, ಹೈದರಾಬಾದಿನವರೇ. ಚಹಾ ತರಿಸಿ ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದರು: ತಮ್ಮ ಸಿಕ್ಕಾ ತೀರ್ಪಿನ ಮೇಲಿನ ಸಹಿ ಅಸಲಿ ಎನ್ನುತ್ತದೆ, ಅಷ್ಟೇ. ತೀರ್ಪನ್ನು ಇಲ್ಲಿಯ ಕೋರ್ಟು ಒಪ್ಪಬೇಕು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ್ದ, ಸಿಂಹಮುದ್ರೆಯ ಕಾಗದ ತೋರಿಸಿ, ಅದು ದಿಲ್ಲಿಯಿಂದ ಬರದೆ ತಾವೂ ಈ ಕುರ್ಚಿಯಲ್ಲಿ ಕೂರುವಂತಿರಲಿಲ್ಲ ಎಂದರು.

ಅತ್ತಿ ಕಪ್ಪು ಕೆಳಗಿಟ್ಟಳು. “ನಿಮ್ಮನ್ನ ಒಪ್ಪಿದ ಕಾಗದ ಗ್ವಾಡಿಗೆ ಐತ್ರಿ. ನಂದು ಎಲ್ಲೈತಿ?” ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅನುವಾದಿಸಲೂ ಇಲ್ಲ.

ತಾಳಿ ತೆಗೆಯಲು ನಡೆದ ಕಾಗದ ತಾಳಿ ಕಟ್ಟಿಸಿಕೊಳ್ಳಲು ನಡೆಯಲಿಲ್ಲ. ಅಲ್ಲಿ ಅವನು ಆಗಲೇ ಇನ್ನೊಂದು ಮದುವೆಯಾಗಿದ್ದ. ಇಲ್ಲಿ ಆಕೆ ಅವನ ಹೆಂಡತಿ. ವಕೀಲರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ಆಗಲೇ ನೋಟೀಸು ಸಿಕ್ಕಿ, ಈಕೆ ವಕೀಲರ ಮೂಲಕ ಹಾಜರಾಗಿ ಒಪ್ಪಿಗೆ ಕೊಟ್ಟಿದ್ದರೆ ಇಲ್ಲಿಯ ಕೋರ್ಟೂ ಆ ತೀರ್ಪನ್ನು ಮಾನ್ಯ ಮಾಡುತ್ತಿತ್ತು. ಬಿಟ್ಟುಹೋದವನಿಂದ ಬಿಡುಗಡೆ ಕೇಳಿ ಅತ್ತಿ ಐದು ವರ್ಷ ಫ್ಯಾಮಿಲಿ ಕೋರ್ಟಿನ ಬೆಂಚಿನ ಮೇಲೆ ಕೂತಳು. ಸ್ಟೋರ್ ಕೀಪರ್ ಎರಡು ವರ್ಷ ಕಾದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇಷ್ಟು ದಿನ ನನ್ನ ಸಿಟ್ಟೆಲ್ಲ ಕಾನೂನಿನ ಮೇಲಿತ್ತು. ದೂರದ್ದರ ಮೇಲೆ ಸಿಟ್ಟಾಗುವುದು ಸುಲಭ. ಈಗ ಈ ಲಕೋಟೆ. ಕತ್ತರಿಯಿಂದ ನೀಟಾಗಿ ತೆರೆದಿದ್ದಾರೆ. ಒಳಗೆ ಅತ್ತಿಯ ಹೆಸರಿಗೆ ಬಂದ ನೋಟೀಸು, ಉತ್ತರ ಬರೆಯಲು ಖಾಲಿ ನಮೂನೆ. ‘ಪ್ರಾಪ್ತ’ದ ತಾರೀಖು ವಿಚಾರಣೆಗಿಂತ ಎರಡು ತಿಂಗಳು ಹಿಂದಿನದು. ಅಂಚೆಯವನಿಂದ ಇದನ್ನು ಇಸಿದುಕೊಂಡವಳು ನಾನೇ ಇರಬಹುದೇ ಎಂದು ಯೋಚಿಸಿದೆ. ಇರಬಹುದು. ಅಪ್ಪನ ಕೈಗೆ ಕೊಟ್ಟು ತರಗತಿಗೆ ಓಡಿರಬಹುದು. ಕಪಾಟಿನಲ್ಲಿ ಅದು ಇದ್ದದ್ದು ತಾಳಿಯ ಡಬ್ಬಿಯ ಕೆಳಗೆ.

ಅವತ್ತೇ ಅಪ್ಪನ ಮುಂದೆ ಹಿಡಿದೆ. “ಅಪ್ಪಾ, ಇದು ಅತ್ತಿ ಹೆಸರಿಗೆ ಬಂದಿದ್ದು. ಓದಿ ಸಿಕ್ಕಾ ಹೊಡದ್ರೋ, ಓದಲಾರದ ಹೊಡದ್ರೋ?”

ಅಪ್ಪ ಕನ್ನಡಕ ಹಾಕಿಕೊಂಡು ಲಕೋಟೆಯನ್ನು ಬೆಳಕಿಗೆ ಹಿಡಿದರು.

“ತಾರೀಖು ಸರಿ ಐತಿ” ಎಂದರು.

ಆಮೇಲೆ ಈ ಮಾತು ನಮ್ಮ ಮನೆಯಲ್ಲಿ ಎದ್ದಿಲ್ಲ. ನಾಳೆ ಭಾನುವಾರ, ಅತ್ತಿ ಊಟಕ್ಕೆ ಬರುತ್ತಾಳೆ. ಲಕೋಟೆಯನ್ನು ಆಕೆಯ ತಾಟಿನ ಪಕ್ಕದಲ್ಲಿಡುತ್ತೇನೆ. ಅದಕ್ಕೆ ಮೊದಲು ಅಪ್ಪ ಬಾಯಿ ಬಿಡಲಿ ಎಂದು ಕಾಯುತ್ತಿದ್ದೇನೆ. ನಾನು ಕೇಳಿದ್ದು ತಾರೀಖನ್ನಲ್ಲ.